ಕಿವಿ ನೋಯುವ ಆಳ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನೀವು ನನ್ನನ್ನು ಬೈದುಕೊಳ್ಳುತ್ತ ಓದಿದರೂ ಅಡ್ಡಿಯಿಲ್ಲ. ಕಲ್ಲೋಳಿಯ ಭರತೇಶನ ಎಡಗಿವಿ ಹೋದದ್ದು ನನ್ನಿಂದ. ಸಮುದ್ರದಿಂದ ಹೋಯಿತೆಂದು ಅವನ ಮನೆಯವರು ಮೊದಮೊದಲು ನಂಬಿದ್ದರು. ನೀರಿನ ಒತ್ತಡದಿಂದ ಎಂದು ಮಾಲ್ದೀವ್ಸಿನ ಡಾಕ್ಟರು ಹೇಳಿದ. ಭರತೇಶ ಫಾರ್ಮಿನಲ್ಲಿ ಸುಳ್ಳು ಬರೆದಿದ್ದರಿಂದ ಎಂದು ನಮ್ಮ ಮ್ಯಾನೇಜರು ಹೇಳಿದ. ಆ ಸುಳ್ಳು ಬರೆದವನು ನಾನು. ಗೋಕಾಕ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಚಹಾದಂಗಡಿಯಲ್ಲಿ ಕೂತು, ಎಡಗೈಯಲ್ಲಿ ಮಿರ್ಚಿ ಭಜಿ ಹಿಡಿದು, ಬಲಗೈಯಲ್ಲಿ ಬರೆದೆ. ಬರೆಯುವಾಗ ನಗುತ್ತಲೂ ಇದ್ದೆ.

ಇಷ್ಟು ವರ್ಷದ ಮೇಲೆ ಇದು ಈಗ್ಯಾಕೆ ಎಂದರೆ, ಹೋದ ವಾರ ಯಮಕನಮರಡಿ ದಾಟುವಾಗ ನನ್ನ ಟೆಂಪೋದ ಹಿಂದಿನ ಗಾಲಿ ಕೂತುಬಿಟ್ಟಿತು. ಹೌದು, ಈಗ ಟೆಂಪೋ ಹೊಡೆಯುತ್ತೇನೆ. ಹೈವೇ ಬಾಜೂ ಪಂಕ್ಚರ್ ಅಂಗಡಿಯವನು ಟ್ಯೂಬು ಬಿಚ್ಚಿ ನೀರಿನ ತೊಟ್ಟಿಯಲ್ಲಿ ಅದ್ದಿದ. ಗುಳ್ಳೆ ಎದ್ದವು. ಅವನು ಕಂಪ್ರೆಸರ್ ಚಾಲೂ ಮಾಡಿದ. ಕಾದ ಎಣ್ಣೆ, ಒದ್ದೆ ರಬ್ಬರು, ಎರಡೂ ಕೂಡಿದ ಒಂದು ವಾಸನೆ ಬಂತು ನೋಡಿ, ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ. ಅಂಗಡಿಯವನು ‘ಯಾಕ್ರಿ ಅಣ್ಣಾರ, ಬಿಸಲ ಹತ್ತೇತೇನು?’ ಎಂದು ನೀರು ಕೊಟ್ಟ. ಅವನಿಗೆ ಏನು ಹೇಳಲಿ? ಈ ವಾಸನೆಯಲ್ಲಿ ನಾನು ಎರಡು ಸೀಜನ್ ಬದುಕಿದ್ದೇನೆ, ಎರಡನೆಯದರಲ್ಲಿ ಒಬ್ಬನನ್ನು ಕೆಡಿಸಿದ್ದೇನೆ ಎಂದು ಹೇಳಲೇ?

ನನ್ನೂರು ಮೇಲವಂಕಿ. ಹೆಸರು ಬಸವರಾಜ, ಕರೆಯುವುದು ನಕಲಿ ಬಸ್ಯಾ. ಯಾರ ಧ್ವನಿಯಾದರೂ ಒಮ್ಮೆ ಕೇಳಿದರೆ ಸಾಕು, ತೆಗೆದು ತೋರಿಸುತ್ತಿದ್ದೆ. ಹೆಡ್‌ಮಾಸ್ತರರ ಮೂಗಿನ ದನಿ, ಗೋಕಾಕ ಬಸ್ಸಿನ ಕಂಡಕ್ಟರನ ಆಕಳಿಕೆ, ನಮ್ಮಪ್ಪ ಸಾಲ ಕೇಳಲು ಬಂದವರ ಮುಂದೆ ಕೆಮ್ಮುವ ಕೆಮ್ಮು. ಒಂದು ಸಲ ನನ್ನ ನಕಲಿಯನ್ನೇ ಮಾಡಿ ತೋರಿಸು ಎಂದರು. ಎಷ್ಟು ತಿಣುಕಿದರೂ ಏನೂ ಹೊರಡಲಿಲ್ಲ. ಅನುಕರಿಸುವಂಥದ್ದೇನೂ ಅಲ್ಲಿ ಇರಲಿಲ್ಲ ಅಂತ ಕಾಣುತ್ತದೆ.

ಕಾಲೇಜು ಬಿಟ್ಟು ಗೋವಾಕ್ಕೆ ಹೋಗಿ ಹೋಟೆಲಿನಲ್ಲಿ ಚಾದರ ಬದಲಿಸುತ್ತಿದ್ದವನು, ಬಾಜೂ ಇದ್ದ ಡೈವಿಂಗ್ ಅಂಗಡಿಯಲ್ಲಿ ಸಿಲಿಂಡರ್ ಹೊರಲು ಸೇರಿಕೊಂಡೆ. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿ, ಬಂದ ಪ್ರವಾಸಿಗರನ್ನು ಸಮುದ್ರದ ಕೆಳಗೆ ಕರೆದುಕೊಂಡು ಹೋಗಿ, ಮೀನು ತೋರಿಸಿ ಜೀವಸಹಿತ ಮೇಲೆ ತರುವ ಕೆಲಸ ಅದು. ಬಾವಿಯಲ್ಲಿ ಬೆಳೆದವನು, ಈಜು ಗೊತ್ತಿತ್ತು. ಇಂಗ್ಲಿಷೂ ಬಂತು, ಅರ್ಥದಿಂದಲ್ಲ, ದನಿಯಿಂದ. ಯಾರು ಹೇಗೆ ಅಂದರೋ ಹಾಗೇ ತಿರುಗಿ ಅಂದೆ. ಡೈವ್‌ಮಾಸ್ಟರ್ ಎಂಬ ಕಾರ್ಡು ಸಿಕ್ಕಿತು. ಅದನ್ನು ಹಿಡಿದು ಮಾಲ್ದೀವ್ಸಿನ ಒಂದು ಸಣ್ಣ ದ್ವೀಪಕ್ಕೆ ಹೋದೆ. ಒಂದು ಸೀಜನ್ ಮುಗಿಸಿ ಎರಡು ಸಾವಿರದ ಎರಡರ ಬೇಸಿಗೆಯಲ್ಲಿ ಊರಿಗೆ ಬಂದಾಗ ಕಣ್ಣಿಗೆ ಕಪ್ಪು ಚಶ್ಮಾ, ಕಾಲಿಗೆ ಅರ್ಧ ಚಡ್ಡಿ, ಬಾಯಲ್ಲಿ ಜರ್ಮನಿ, ಇಟಲಿ, ರಷ್ಯಾ ಎಲ್ಲ ದೇಶದವರ ದನಿ. ಕಲ್ಲೋಳಿಯ ಕಟ್ಟೆಯ ಮೇಲೆ ನಾನು ಕೂತರೆ ಹೊಲಕ್ಕೆ ಹೊರಟವರು ಬೈಕು ನಿಲ್ಲಿಸುತ್ತಿದ್ದರು.

ನಾನು ಹೇಳದೆ ಬಿಟ್ಟದ್ದೇ ಬೇರೆ. ಬೆಳಗಾಗುವ ಮೊದಲು ಎದ್ದು ಸಿಲಿಂಡರುಗಳಿಗೆ ಗಾಳಿ ತುಂಬುವುದು, ಉಸುಕಿನಲ್ಲಿ ಕಾಲು ಹೂತುಹೋಗುತ್ತ ಅವನ್ನು ದೋಣಿ ನಿಲ್ಲುವ ಧಕ್ಕೆಯವರೆಗೆ ಹೊರುವುದು, ದೊಡ್ಡ ದೊಡ್ಡ ಮನುಷ್ಯರ ಪಾದ ಹಿಡಿದು ರಬ್ಬರಿನ ರೆಕ್ಕೆ ತೊಡಿಸುವುದು. ಸಂಜೆ ಅವರು ಬಿಚ್ಚಿಟ್ಟ ರಬ್ಬರಿನ ಅಂಗಿ ತೊಳೆಯುವುದು. ನೀರಿನೊಳಗೆ ಎಲ್ಲರೂ ಅಂಗಿಯಲ್ಲೇ ಒಂದಕ್ಕೆ ಹೋಗುತ್ತಾರೆ, ಶ್ರೀಮಂತರೂ. ನಮಗೆ ಜನರೇಟರಿನ ಬಾಜೂ ಖೋಲಿ. ಯುರೋಪಿನಿಂದ ಬಂದ, ನಮ್ಮಷ್ಟೇ ಮುಳುಗುವ ಡೈವಿಂಗ್ ಮಾಸ್ತರರಿಗೆ ಸಮುದ್ರ ಕಾಣುವ ಖೋಲಿ. ಪಾಸ್‌ಪೋರ್ಟು ಆಫೀಸಿನ ಕಪಾಟಿನಲ್ಲಿ. ರಜೆ ದಿನ ಅತಿಥಿಗಳ ದಂಡೆಯಲ್ಲಿ ನಾವು ಕಾಲು ತೋಯಿಸುವಂತಿಲ್ಲ. ನೆಗಡಿಯಾದರೆ ಮುಳುಗಬಾರದು ಎಂದು ಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು; ಮೂರು ದಿನ ಮುಳುಗದಿದ್ದರೆ ಕೆಲಸದ ಪಾಳಿ ಬರೆಯುವ ಗೋಡೆಯ ಹಲಗೆಯ ಮೇಲೆ ನಿನ್ನ ಹೆಸರಿನ ಜಾಗದಲ್ಲಿ ಬೇರೆಯವನ ಹೆಸರು ಬರುತ್ತಿತ್ತು. ಹೀಗಾಗಿ ಎಲ್ಲರೂ ಗುಳಿಗೆ ನುಂಗಿ ಇಳಿಯುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ಕಷ್ಟ, ಅದು ಬಾಯಿ ಮುಚ್ಚಿಕೊಂಡು ಮಾಡುವ ನೌಕರಿ. ಮೇಲೆ ಬಂದರೂ ಗೋಕಾಕದ ಕಂಡಕ್ಟರನ ಆಕಳಿಕೆಗೆ ನಗುವವರು ಆ ದ್ವೀಪದಲ್ಲಿ ಒಬ್ಬರೂ ಇರಲಿಲ್ಲ.

ಖರೆ ಹೇಳುತ್ತೇನೆ, ಭರತೇಶನನ್ನು ಕರೆದೊಯ್ದದ್ದು ಅದಕ್ಕೇ. ನನಗೆ ನಗುವವನೊಬ್ಬ ಬೇಕಾಗಿತ್ತು.

ಭರತೇಶ ಜೈನರ ಹುಡುಗ, ಮನೆಯಲ್ಲಿ ಕನ್ನಡ, ಅಜ್ಜಿಯ ಕೂಡ ಮರಾಠಿ. ಮೂಡಲಗಿಯಲ್ಲಿ ಪಂಪ್‌ಸೆಟ್ಟಿನ ಮೋಟರ್ ರಿಪೇರಿ ಅಂಗಡಿ ಇಟ್ಟಿದ್ದ. ಸುಟ್ಟ ಮೋಟರಿಗೆ ಹೊಸ ತಾಮ್ರದ ತಂತಿ ಸುತ್ತುವವರು ಬೇಕಾದಷ್ಟು ಮಂದಿ ಇದ್ದರು. ಭರತೇಶನ ಹೆಸರಿದ್ದದ್ದು ಕಿವಿಗೆ. ತಿರುಗುವ ಮೋಟರಿನ ಮೇಲೆ ಸ್ಕ್ರೂಡ್ರೈವರಿನ ತುದಿ ಊರಿ, ಅದರ ಹಿಡಿಕೆಯನ್ನು ಬಲಗಿವಿಗೆ ಹಚ್ಚಿ, ಕಣ್ಣು ಮುಚ್ಚಿ, ‘ಮ್ಯಾಲಿನ ಬೇರಿಂಗ ಹ್ವಾದ್ವು, ಕೆಳಗಿನವು ಇನ್ನೊಂದು ಬ್ಯಾಸಿಗಿ ಬರತಾವು’ ಎನ್ನುತ್ತಿದ್ದ. ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು. ಗೋಕಾಕದಿಂದ ಹುಕ್ಕೇರಿಯವರೆಗೆ ರೈತರು ಮೋಟರನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬರುತ್ತಿದ್ದರು. ಬಾವಿಗೆ ಬಿದ್ದ ಮೋಟರಿದ್ದರೆ ತಾನೇ ಮುಳುಗಿ ಹಗ್ಗ ಕಟ್ಟಿ ಬರುತ್ತಿದ್ದ. ಅಂಥ ಎದೆ ನನಗೂ ಇರಲಿಲ್ಲ.

ಅವನ ಎಡಗಿವಿ ಮಾತ್ರ ಸಣ್ಣಂದಿನಿಂದ ಮಳೆಗಾಲದಲ್ಲಿ ಸೋರುತ್ತಿತ್ತು. ಬೆಳ್ಳುಳ್ಳಿ ತಿನ್ನದ ಮನೆ ಅದು. ಆದರೆ ಮಗನ ಕಿವಿಗೆ ಬಿಡಲು ಅವನ ತಾಯಿ, ನಾವೆಲ್ಲ ಕರೆಯುವಂತೆ ಆಯಿ, ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಸುತ್ತಿದ್ದಳು, ಅದಕ್ಕೆಂದೇ ಬೇರೆ ಸಟ್ಟುಗ, ಹಿತ್ತಲಲ್ಲಿ ಬೇರೆ ಒಲೆ. ನಾನು ಅದನ್ನು ಇಬ್ಬರೂ ಕೂಡಿ ಶಾಲೆಗೆ ಹೋಗುವ ಕಾಲದಿಂದ ನೋಡಿದವನು.

ನಮ್ಮ ದ್ವೀಪದಲ್ಲಿ ಸಿಲಿಂಡರಿಗೆ ಗಾಳಿ ತುಂಬುವ ಕಂಪ್ರೆಸರ್ ಹಳೆಯದು, ನೋಡಿಕೊಳ್ಳಲು ಒಬ್ಬ ಮೆಕ್ಯಾನಿಕ್ ಬೇಕಿತ್ತು. ಮುಳುಗುವುದನ್ನೂ ಕಲಿಸಿ ಕಾರ್ಡು ಕೊಡಿಸುತ್ತೇವೆ ಎಂದು ಅಲ್ಲಿಯ ಬಿಳಿಯ ಮ್ಯಾನೇಜರು ಫೋನಿನಲ್ಲಿ ಒಪ್ಪಿದ. ಗೋಕಾಕದ ಎಸ್‌ಟಿಡಿ ಅಂಗಡಿಗೆ ಫ್ಯಾಕ್ಸಿನಲ್ಲಿ ಫಾರ್ಮು ಬಂತು: ಆರೋಗ್ಯದ ಪ್ರಶ್ನೆಗಳು, ಎದುರಿಗೆ ಹೌದು, ಇಲ್ಲ. ಭರತೇಶನ ಇಂಗ್ಲಿಷು ಮೋಟರಿನ ಮೇಲಿನ ಕಂಪನಿ ಹೆಸರಿಗೆ ಮುಗಿಯುತ್ತಿತ್ತು. ನಾನು ಚಹಾದಂಗಡಿಯಲ್ಲಿ ಕೂತು ಸರಸರ ತುಂಬಿದೆ.

‘ಏನೇನ್ ಕೇಳ್ಯಾರಲೇ?’ ಎಂದ.

‘ಹುಚ್ಚ ಹಿಡದೈತೇನು ಅಂತ ಕೇಳ್ಯಾರ. ಇಲ್ಲ ಅಂತ ಬರದೆ. ಖರೆ ಹೇಳಿದ್ರ ಕರ್ಕೊಳ್ಳಾಂಗಿಲ್ಲ.’

‘ಹಂಗಲ್ಲಲೇ ಬಸ್ಯಾ. ಕಿವಿದು ಏನರ ಕೇಳ್ಯಾರೇನು? ನಂದು ಸೋರತೈತಿ ನೋಡು.’

ನನ್ನ ಪೆನ್ನು ಆಗ ಸರಿಯಾಗಿ ಅದೇ ಸಾಲಿನ ಮೇಲೆ ಇತ್ತು. ಕಿವಿಯ ರೋಗ, ಕಿವಿ ಸೋರುವುದು, ತಮಟೆ ಹರಿದದ್ದು, ಯಾವುದಾದರೂ ಇದೆಯೇ?

‘ಕೇಳ್ಯಾರ. ಕಿವಿ ಅದಾವೇನು ಅಂತ. ಎರಡು ಅದಾವ ಅಂತ ಬರದೇನಿ’ ಎಂದೆ.

ಅವನು ಭಜಿ ನೆತ್ತಿಗೇರುವ ಹಾಗೆ ನಕ್ಕ. ನಕ್ಕದ್ದರಿಂದ ಮಾತು ಅಲ್ಲಿಗೇ ಮುಗಿಯಿತು. ಕೆಳಗೆ ಸಹಿ ಮಾಡಿದ. ಎಲ್ಲ ಸಾಲಿನಲ್ಲೂ ‘ಇಲ್ಲ’ ಇದ್ದದ್ದು ನೋಡಿ ಡಾಕ್ಟರೊಬ್ಬರು ಕಿವಿಯಲ್ಲಿ ಇಣುಕದೆ ಶಿಕ್ಕಾ ಹೊಡೆದು ಕೊಟ್ಟರು.

ಹೊರಡುವ ದಿನ ಅವನ ಆಯಿ ಜೋಳದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮಾವಿನ ಉಪ್ಪಿನಕಾಯಿ ಕಟ್ಟಿದಳು. ಅವಳ ಚಿಂತೆ ಬೇರೆಯೇ ಇತ್ತು.

‘ಅಲ್ಲೋ ಬಸವರಾಜ, ನೀರಾಗ ಮೀನ ಹಿಡ್ಯೂದು ಅಲ್ಲಲ್ಲಪಾ?’

‘ಇಲ್ರಿ ಆಯಿ. ನಾವೂ ಮೀನ ಹಿಡ್ಯಾಂಗಿಲ್ಲ, ಅವೂ ನಮ್ಮನ್ನ ಹಿಡ್ಯಾಂಗಿಲ್ಲ. ನಮಸ್ಕಾರ ಮಾಡಿ ಬರೂದಷ್ಟ.’

ಅವಳು ನಕ್ಕು ಎಣ್ಣೆಯ ಬಾಟಲಿ ನನ್ನ ಕೈಯಲ್ಲಿಟ್ಟಳು. ‘ಇವ ತಾ ಹಾಕ್ಕೊಳ್ಳಾಂಗಿಲ್ಲ. ನೀನ ನೋಡ್ಕೋಬೇಕ ನೋಡು.’

ಹ್ಞೂಂ ಎಂದೆ.

ಆ ಸೀಜನ್ ಅಕ್ಟೋಬರಿನಲ್ಲಿ ಶುರುವಾಯಿತು. ಮೂರು ಹೊತ್ತೂ ಮೀನು ಬೇಯುವ ದ್ವೀಪದಲ್ಲಿ ಭರತೇಶ ಸೂರ್ಯ ಮುಳುಗುವ ಮೊದಲು ಬಿಳಿ ಅನ್ನಕ್ಕೆ ಚಟ್ನಿ ಕಲಸಿಕೊಂಡು ಉಂಡು ಮುಗಿಸುತ್ತಿದ್ದ. ನಮ್ಮ ಅಡಿಗೆಮನೆ ತೆರೆಯುತ್ತಿದ್ದದ್ದೇ ಕತ್ತಲಾದ ಮೇಲೆ. ಅವನದು ಮಧ್ಯಾಹ್ನದ ತಣ್ಣನ್ನ. ನಾನು ಅವನ ಊಟದ ನಕಲಿ ಮಾಡುತ್ತಿದ್ದೆ: ಒಂದು ಕಣ್ಣು ಸೂರ್ಯನ ಮೇಲೆ, ಒಂದು ಕಣ್ಣು ತಾಟಿನ ಮೇಲೆ. ತಾನೇ ಮೊದಲು ನಗುತ್ತಿದ್ದ. ಕಂಪ್ರೆಸರಿಗೆ ಮಾತ್ರ ಅವನು ಬಂದ ಮೇಲೆ ಹೊಸ ಜೀವ ಬಂತು. ಒಂದು ದಿನ ಸ್ಕ್ರೂಡ್ರೈವರ್ ಹಚ್ಚಿ ಕೇಳಿ, ‘ಇವತ್ತ ಇದನ್ನ ನಡಸಬ್ಯಾಡ್ರಿ, ಒಳಗ ಒಂದು ಪಟ್ಟಿ ಹರ್ಯಾಕ ಬಂದೈತಿ’ ಎಂದ. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಮ್ಯಾನೇಜರು ನಗುತ್ತಲೇ ಬಿಚ್ಚಿಸಿದ, ಬಿಚ್ಚಿದ ಮೇಲೆ ನಗಲಿಲ್ಲ. ಅವತ್ತಿನಿಂದ ಭರತೇಶನ ಹೆಗಲು ಮುಟ್ಟಿ ಮಾತಾಡಿಸತೊಡಗಿದ.

ಮುಳುಗುವುದನ್ನು ಕಲಿಸುವ ಕೆಲಸ ನನಗೆ ಬಂತು. ಮೊದಲ ಪಾಠವೇ ಕಿವಿಯದು. ಕೆಳಗೆ ಹೋದ ಹಾಗೆ ನೀರು ಕಿವಿಯನ್ನು ಒತ್ತುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಬೇಕು. ನೋವು ಬಂದರೆ ನಿಲ್ಲಬೇಕು, ಮೇಲಕ್ಕೆ ಬರಬೇಕು. ಇದನ್ನು ನಾನು ಹೇಗೆ ಹೇಳಿದೆ? ಮ್ಯಾನೇಜರನ ಹಾಗೆ ಸೊಂಟದ ಮೇಲೆ ಕೈಯಿಟ್ಟು, ಹೊಟ್ಟೆ ಮುಂದೆ ಮಾಡಿ, ಅವನದೇ ಗೊಗ್ಗರು ದನಿಯಲ್ಲಿ. ಭರತೇಶ ಉಸುಕಿನಲ್ಲಿ ಬಿದ್ದು ನಕ್ಕ. ನಕ್ಕು ಸುಧಾರಿಸಿಕೊಂಡು ಹೇಳಿದ:

‘ನಮ್ಮ ಬಾವ್ಯಾಗ ಕಿವಿ ನೋಯಾಕತ್ತಿತು ಅಂದ್ರ ತಳ ಬಂತು ಅಂತ ತಿಳ್ಕೋತೇವಿ. ಅಲ್ಲಿಂದ ಎರಡ ಕೈ ಹೊಡದ್ರ ಮೋಟರ್ ಸಿಗತೈತಿ.’

ನಮ್ಮ ಕಡೆಯ ಬಾವಿಗಳಲ್ಲಿ ಅದು ಖರೆಯೇ. ನೋವು ಶುರುವಾಗುವ ಆಳಕ್ಕೂ ಬಾವಿಯ ತಳಕ್ಕೂ ಹೆಚ್ಚು ದೂರ ಇರುವುದಿಲ್ಲ; ಸ್ವಲ್ಪ ಹಲ್ಲು ಕಚ್ಚಿದರೆ ಕೆಲಸ ಮುಗಿಯುತ್ತದೆ. ಸಮುದ್ರಕ್ಕೆ ಆ ಲೆಕ್ಕ ಗೊತ್ತಿಲ್ಲ. ಅದನ್ನು ನಾನು ಅವತ್ತೇ, ನನ್ನ ಬಾಯಿಂದ, ನೆಟ್ಟಗೆ ಹೇಳಬೇಕಿತ್ತು. ನಾನೂ ನಕ್ಕೆ.

ಫೆಬ್ರುವರಿಯಲ್ಲಿ ಅವನಿಗೆ ನೆಗಡಿ ಹಿಡಿದು ಮೂರು ದಿನವಾಗಿತ್ತು. ಮಧ್ಯಾಹ್ನ ಧಕ್ಕೆಯ ಮೇಲೆ ಒಬ್ಬ ಅತಿಥಿ ಚೀರಾಡುತ್ತಿದ್ದ. ನೀರು ಹೋಗದ ಡಬ್ಬಿಯೊಳಗಿದ್ದ ಅವನ ದೊಡ್ಡ ಕ್ಯಾಮೆರಾ ಕೈಜಾರಿ ಬಿದ್ದಿತ್ತು. ಧಕ್ಕೆಯ ತುದಿಯಲ್ಲಿ ನೀರು ಒಮ್ಮೆಲೇ ಆಳವಾಗುತ್ತದೆ. ಮಾಸ್ತರರೆಲ್ಲ ದೋಣಿಯಲ್ಲಿ ದೂರ ಹೋಗಿದ್ದರು. ಯಾರು ತರುತ್ತೀರಿ ಎಂದು ಮ್ಯಾನೇಜರು ಸುತ್ತ ನೋಡಿದ. ನನ್ನ ನಾಲಿಗೆ ಸುಮ್ಮನಿರಬೇಕಲ್ಲ. ‘ನನ್ನ ಗೆಳೆಯ ಬಾವಿಯಿಂದ ಪಂಪು ಎತ್ತುವವನು ಸರ್, ಕ್ಯಾಮೆರಾ ಯಾವ ಲೆಕ್ಕ’ ಎಂದೆ.

ಭರತೇಶ ನನ್ನ ಅಂಗಿ ಜಗ್ಗಿದ. ‘ನೆಗಡಿ ಐತಲೇ, ಮೂಗ ಕಟ್ಟೇತಿ.’

‘ನೆಗಡಿ ಮೂಗಿಗೆ, ಕ್ಯಾಮೆರಾ ಹಿಡ್ಯೂದು ಕೈಲೆ. ಬಾ.’

ಇಬ್ಬರೂ ಸಿಲಿಂಡರ್ ಕಟ್ಟಿ ಇಳಿದೆವು. ಗೋಡೆಯಂಥ ಬಂಡೆಯ ಪಕ್ಕದಲ್ಲಿ ಕೆಳಗೆ, ಇನ್ನೂ ಕೆಳಗೆ. ಎರಡು ಆಳಿನಷ್ಟು ಆಳ ಇಳಿಯುವುದರಲ್ಲಿ ಅವನು ಎಡಗಿವಿ ಮುಟ್ಟಿಕೊಂಡ. ನಾನು ನೋಡಿದೆ. ಇನ್ನಷ್ಟು ಇಳಿದ ಮೇಲೆ ಮತ್ತೆ ಮುಟ್ಟಿಕೊಂಡ. ನೋಡಿದೆ. ಅಂಥ ಹೊತ್ತಿನಲ್ಲಿ ಕೈಹಿಡಿದು ಮೇಲಕ್ಕೆ ತರುವುದೇ ನನ್ನ ನೌಕರಿ, ಅದಕ್ಕೇ ನನಗೆ ಪಗಾರ. ನಾನು ಸರಿಯಿದ್ದೀಯಾ ಎಂದು ಬೆರಳಿನಲ್ಲಿ ಕೇಳಿದೆ. ಸರಿ ಎಂದು ಬೆರಳು ತೋರಿಸಿದ. ಅವನಿಗೆ ನೋವೆಂದರೆ ತಳ ಬಂತು ಎಂದರ್ಥ. ನನಗೆ ಮೇಲೆ ಕಾಯುತ್ತಿರುವ ಮ್ಯಾನೇಜರನ ಚಿಂತೆ. ಎಷ್ಟಿಳಿದರೂ ತಳ ಬರಲೊಲ್ಲದು. ಕೊನೆಗೆ ಬಂದಾಗ ಕ್ಯಾಮೆರಾ ಸಿಕ್ಕಿತು, ಮತ್ತು ಭರತೇಶ ಒಮ್ಮೆಲೇ ಯಾವುದು ಮೇಲು ಯಾವುದು ಕೆಳಗು ತಿಳಿಯದವನಂತೆ ಸುತ್ತತೊಡಗಿದ. ಅವನನ್ನು ಅಪ್ಪಿ ಹಿಡಿದು ಹೇಗೆ ಮೇಲೆ ತಂದೆನೋ.

ಧಕ್ಕೆಯ ಮೇಲೆ ವಾಂತಿ ಮಾಡಿಕೊಂಡ. ಕಿವಿಯಿಂದ ರಕ್ತ ಕುತ್ತಿಗೆಗೆ ಇಳಿದಿತ್ತು. ಧಕ್ಕೆಯ ಹಲಗೆಯನ್ನು ಎರಡೂ ಕೈಯಿಂದ ಅವುಚಿಕೊಂಡು, ‘ಹಿಡೀಲೇ ಬಸ್ಯಾ, ಬೀಳಾಕತ್ತೇನಿ, ಹಿಡಿ’ ಎನ್ನುತ್ತಿದ್ದ. ಕೂತಲ್ಲೇ ಬೀಳುತ್ತಿದ್ದ. ಅತಿಥಿ ಕ್ಯಾಮೆರಾದ ಗುಂಡಿ ಒತ್ತಿ ನೋಡಿದ, ಅದು ಸರಿಯಿತ್ತು. ಸಂತೋಷದಲ್ಲಿ ನಮ್ಮಿಬ್ಬರ ಫೋಟೋ ತೆಗೆದ.

ಬಾಜೂ ದ್ವೀಪದ ಡಾಕ್ಟರು ನೋಡಿ, ಹಳೆಯ ತೂತು ಮುಚ್ಚಿ ಪದರು ತೆಳ್ಳಗಾಗಿತ್ತು, ಅದು ನೀರಿನ ಒತ್ತಡಕ್ಕೆ ಹರಿದಿದೆ, ಒಳಕಿವಿಗೂ ಪೆಟ್ಟಾಗಿದೆ, ಇದು ಸಣ್ಣಂದಿನ ರೋಗ ಎಂದ. ಮ್ಯಾನೇಜರನಿಗೆ ಅಷ್ಟು ಸಾಕಾಯಿತು. ಮರುದಿನ ಮುಂಜಾನೆ ಮ್ಯಾನೇಜರು ಫಾರ್ಮು ತೆಗೆದು ಮೇಜಿನ ಮೇಲಿಟ್ಟ. ಭರತೇಶ ಗೋಡೆ ಹಿಡಿದು ನಿಂತಿದ್ದ. ನಾನು ನಡುವೆ, ದುಭಾಷಿ.

‘ಇದನ್ನು ತುಂಬಿದವನು ಅವನೇನಾ, ಕೇಳು’ ಎಂದ ಮ್ಯಾನೇಜರು.

ನಾನು ಭರತೇಶನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದೆ: ‘ಈ ಸಹಿ ನಿಂದೇನು?’

ಪಾಪ, ಹೌದೆಂದು ತಲೆಯಾಡಿಸಿದ. ತಲೆ ಆಡಿಸಿದ್ದಕ್ಕೇ ಮತ್ತೆ ತಿರುಗಿದಂತಾಗಿ ಗೋಡೆ ಹಿಡಿದ.

‘ತಾನೇ ತುಂಬಿದ್ದಂತೆ ಸರ್’ ಎಂದೆ. ನನ್ನ ಜೀವಮಾನದಲ್ಲಿ ನಾನು ಮಾಡಿದ ಅತ್ಯಂತ ಅಚ್ಚುಕಟ್ಟಾದ ನಕಲಿ ಅದು. ಯಾರೂ ನಗಲಿಲ್ಲ.

ಸುಳ್ಳು ಹೇಳಿ ಸೇರಿದವನ ಔಷಧೋಪಚಾರ ತಮ್ಮ ಜವಾಬ್ದಾರಿಯಲ್ಲ ಎಂದು ಮ್ಯಾನೇಜರು ತೀರ್ಮಾನ ಕೊಟ್ಟ. ಏನಂದ ಎಂದು ಭರತೇಶ ಕೇಳಿದ. ‘ಊರಿಗೆ ಹೋಗಿ ಆರಾಮ ಮಾಡ್ಕೋ ಅಂತಾನ’ ಎಂದೆ. ಅವನು ಮ್ಯಾನೇಜರನಿಗೆ ಕೈಮುಗಿದ. ವಿಮಾನ ಹತ್ತುವಂತಾಗುವವರೆಗೆ ಜನರೇಟರಿನ ಬಾಜೂ ಖೋಲಿಯಲ್ಲಿ ಮಲಗಿದ್ದ. ನಾನು ಬೆಳ್ಳುಳ್ಳಿ ಎಣ್ಣೆಯ ಬಾಟಲಿಯನ್ನು ಎತ್ತಿ ಬಚ್ಚಿಟ್ಟೆ. ಹರಿದ ಕಿವಿಗೆ ಏನೂ ಬಿಡಬಾರದು ಎಂದಿದ್ದ ಡಾಕ್ಟರು. ಹೊರಡುವಾಗ ದೋಣಿಯಲ್ಲಿ ಕೂತು ಕೇಳಿದ, ‘ನೀ ಬರಾಂಗಿಲ್ಲೇನಲೇ?’ ಸೀಜನ್ ಏಪ್ರಿಲಿನವರೆಗೆ ಐತಿ ಎಂದೆ. ಹಲಗೆಯ ಮೇಲೆ ನನ್ನ ಹೆಸರು ಉಳಿಯಬೇಕಿತ್ತು. ಉಳಿಯಿತು. ಆ ಎರಡು ತಿಂಗಳು ಎಷ್ಟೋ ಮಂದಿಯನ್ನು ಕೆಳಗೆ ಕರೆದೊಯ್ದೆ. ಯಾರಾದರೂ ಕಿವಿಗೆ ಕೈ ಹಚ್ಚಿದರೆ ಕೂಡಲೇ ತೋಳು ಹಿಡಿದು ಮೇಲೆ ತರುತ್ತಿದ್ದೆ. ಬಹಳ ಕಾಳಜಿಯ ಮನುಷ್ಯ ಎಂದು ಅತಿಥಿಗಳು ಪುಸ್ತಕದಲ್ಲಿ ಬರೆದು ಹೋದರು.

ಮೇ ತಿಂಗಳಲ್ಲಿ ಊರಿಗೆ ಬಂದೆ. ಹತ್ತು ದಿನ ಮೂಡಲಗಿ ಕಡೆ ಮುಖ ಮಾಡಲಿಲ್ಲ. ಹನ್ನೊಂದನೆಯ ದಿನ ಮಧ್ಯಾಹ್ನ ಹೋದೆ. ಅಂಗಡಿಯ ಮುಂದೆ ಮೂರು ನಾಲ್ಕು ಮಂದಿ ರೈತರು, ಒಳಗೆ ಭರತೇಶ ಮೋಟರಿನ ಹೊಟ್ಟೆಗೆ ತಂತಿ ತುಂಬುತ್ತಿದ್ದ. ಎದ್ದು ನಡೆಯುವಾಗ ಬಾಗಿಲ ಚೌಕಟ್ಟು, ಮೇಜಿನ ಅಂಚು, ಏನಾದರೊಂದು ಮುಟ್ಟಿಕೊಂಡೇ ನಡೆಯುತ್ತಿದ್ದ. ಹುಕ್ಕೇರಿ ಕಡೆಯ ರೈತನೊಬ್ಬ ಟ್ರ್ಯಾಕ್ಟರಿನಿಂದ ಮೋಟರ್ ಇಳಿಸಿ, ‘ಆವಾಜ ಮಾಡಾಕತ್ತೇತ್ರಿ ಭರತೇಶಣ್ಣ, ಒಂದೀಟು ಕಿವಿ ಹಚ್ಚಿ ನೋಡ್ರಲಾ’ ಎಂದ.

‘ಅದನ್ನ ಗೋಕಾಕಕ್ಕ ಒಯ್ರಿ ಕಾಕಾ. ನಾ ಈಗ ಬರೇ ತಂತಿ ಸುತ್ತತೇನಿ.’

‘ಯಾಕ್ರಿ?’

‘ಎಡಗಿವ್ಯಾಗ ಒಂದು ಮೋಟರ್ ಚಾಲೂ ಆಗೇತಿ, ಹಗಲು ರಾತ್ರಿ ಬಂದ್ ಆಗವಲ್ದು. ಅದರ ಗದ್ದಲದಾಗ ಹೊರಗಿಂದು ತಿಳ್ಯಾಂಗಿಲ್ಲ.’

ರೈತ ತಿಳಿಯದೆ ನಕ್ಕ. ನನಗೆ ಆಗ ಏನು ಮಾಡಬೇಕೋ ಗೊತ್ತಾಗಲಿಲ್ಲ. ಗೊತ್ತಾಗದಾಗ ನಾನು ಏನು ಮಾಡುತ್ತೇನೋ ಅದನ್ನೇ ಮಾಡಿದೆ. ಸೊಂಟಕ್ಕೆ ಕೈಯಿಟ್ಟು, ಹೊಟ್ಟೆ ಮುಂದೆ ಮಾಡಿ, ಮ್ಯಾನೇಜರನಾಗಿ ಅಂಗಡಿಯೊಳಗೆ ಬಂದೆ. ರೈತರು ಹೊಟ್ಟೆ ಹಿಡಿದು ನಕ್ಕರು. ‘ಖರೆ ಗೋರ್‍ಯಾ ಸಾಹೇಬ ಬಂದಂಗಾತು ನೋಡು!’ ಎಂದರು. ಭರತೇಶ ತಲೆ ಎತ್ತಲಿಲ್ಲ. ನಾನು ನಿಂತಿದ್ದದ್ದು ಅವನ ಎಡಕ್ಕೆ. ಕೇಳಿಸಿಲ್ಲ ಎಂದುಕೊಂಡು ಬಲಕ್ಕೆ ಬಂದು ಮತ್ತೆ ಮಾಡಿದೆ. ಆಗಲೂ ಎತ್ತಲಿಲ್ಲ. ರೈತರ ನಗು ಒಂದೊಂದಾಗಿ ನಿಂತಿತು.

ಅಷ್ಟು ಮಂದಿಯ ಎದುರಿಗೇ ಹೇಳಿದೆ. ಫಾರ್ಮಿನಲ್ಲಿ ಕಿವಿಯ ಪ್ರಶ್ನೆ ಇತ್ತು, ಇಲ್ಲ ಎಂದು ಬರೆದವನು ನಾನು, ಅವತ್ತು ಆಫೀಸಿನಲ್ಲಿ ಮ್ಯಾನೇಜರು ಕೇಳಿದ್ದು ಒಂದು, ನಾನು ನಿನಗೆ ಹೇಳಿದ್ದು ಇನ್ನೊಂದು.

‘ಗೊತ್ತೈತಿ’ ಎಂದ. ‘ಫಾರ್ಮಿಂದು ಒಂದು ನಕಲು ಡಾಕ್ಟರ್ ಕಾಗದದ ಕೂಡ ಕೊಟ್ಟಿದ್ರು. ಸಾಲಿ ಮಾಸ್ತರ ಕಡಿಂದ ಓದಿಸೇನಿ. ಆಯಿನೂ ಬಾಜೂನ ಕುಂತಿದ್ದಳು.’

ಮೂರು ತಿಂಗಳು ಇವರು ಇದನ್ನು ತಿಳಿದು, ಊರಲ್ಲಿ ಒಬ್ಬರಿಗೂ ಹೇಳದೆ, ಮೇಲವಂಕಿಯಲ್ಲಿ ನಮ್ಮಪ್ಪ ಸಿಕ್ಕರೆ ‘ಬಸವರಾಜ ಆರಾಮ ಅದಾನೇನ್ರಿ’ ಎಂದು ಕೇಳುತ್ತಿದ್ದರು. ನನ್ನ ದನಿ ಒಡೆಯಿತು. ಅದು ಯಾರ ದನಿಯೂ ಆಗಿರಲಿಲ್ಲ.

‘ಬೈಯಲೇ ಭರತ್ಯಾ. ಇಷ್ಟ ಮಂದಿ ಮುಂದ ಬೈ. ಕಾಲಾಗಿಂದು ತಗೊಂಡ್ ಹೊಡಿ ಬೇಕಾರ. ಸುಮ್ಮಕ ಮಾತ್ರ ಕೂಡ್ರಬ್ಯಾಡ.’

ಅವನು ತಂತಿಯ ತುದಿ ಕತ್ತರಿಸಿ, ಸುರುಳಿಯನ್ನು ಕೆಳಗಿಟ್ಟು, ಮೊದಲ ಸಲ ನನ್ನ ಮುಖ ನೋಡಿದ.

‘ನಾ ಬೈದ್ರ ನಾಳೆ ಚಾದಂಗಡ್ಯಾಗ ನಿಂತು ಅದನ್ನೂ ನಕಲಿ ಮಾಡಿ ತೋರಸ್ತಿ. ನಡಿ ಇಲ್ಲಿಂದ.’